ಫೋಟೊನಾ, ಪೇಂಟಿಂಗಾ? ಎರಡೂ ಕೂಡಿ ಅಮೂರ್ತ ಚಿತ್ರ ಆಗುವ ಬಗೆ

ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಈ ಸಂತೆ ಈಗ ಬೆಂಗಳೂರಿಗೆ ಜನವರಿಯ ಹಬ್ಬವೇ ಆಗಿದೆ. ಒಂದು ಸಲ ನನ್ನ ಜೊತೆ ಚಿಕ್ಕಮ್ಮ ಬಂದಿದ್ದರು. ಗಣಪತಿ, ಬುದ್ಧ, ಹಂಪಿಯ ಕಲ್ಲಿನ ರಥ, ಎತ್ತಿನ ಗಾಡಿ ಎಲ್ಲ ನೋಡುತ್ತಾ ಬಂದವರು ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಚಿತ್ರದ ತುಂಬ ತುಕ್ಕಿನ ಬಣ್ಣ. ಅದರ ಮೇಲೆ ದಪ್ಪಗೆ ಎಳೆದ ನೀಲಿ ಪಟ್ಟಿ. ನೀಲಿ ಮುಗಿಯುವ ಅಂಚಿನಲ್ಲಿ ಒಂದೇ ಒಂದು ಮೊಳೆಯ ತಲೆ, ಅದರ ನೆರಳಿನ ಸಮೇತ.

“ಏನಪ್ಪಾ ಇದು, ಫೋಟೊನಾ ಪೇಂಟಿಂಗಾ?” ಅಂತ ಕೇಳಿದರು.

“ಎರಡೂ ಹೌದಮ್ಮ” ಅಂದರು ಮಾರುತ್ತಿದ್ದ ಕಲಾವಿದರು. ಅಷ್ಟರಲ್ಲಿ ಹಿಂದಿನಿಂದ ಜನ ನೂಕಿದರು. ಮಾತು ಅಲ್ಲಿಗೇ ನಿಂತಿತು. ಮನೆಗೆ ಬರುವವರೆಗೂ ಚಿಕ್ಕಮ್ಮನ ಪ್ರಶ್ನೆ ಬಿಡಲಿಲ್ಲ. ಎರಡೂ ಅಂದರೆ ಹೇಗೆ? ಫೋಟೊ ಮೇಲೆ ಬಣ್ಣ ಬಳಿದರೆ ಅದು ಹಾಳಾಗಲ್ವಾ? ಮೊಳೆ ಯಾಕೆ ಬಿಟ್ಟರು?

ಇಂಥ ಚಿತ್ರಗಳು ಈಗ ಗ್ಯಾಲರಿಯಲ್ಲಿ ಮಾತ್ರ ಕಾಣುವುದಿಲ್ಲ. ಕಾಫಿ ಅಂಗಡಿ, ಆಫೀಸು, ಅಪಾರ್ಟ್‌ಮೆಂಟಿನ ಲಾಬಿಯ ಗೋಡೆಗೂ ಬಂದಿವೆ. ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ, ಬೀದಿಗೊಂದು ಪ್ರಿಂಟ್ ಅಂಗಡಿ ಇದೆ. ಹಾಗಾಗಿ ನೋಡುವವರಿಗೂ ಮಾಡಿ ನೋಡಬೇಕು ಅನ್ನುವವರಿಗೂ ಇದರ ಒಳಗುಟ್ಟು ಗೊತ್ತಿದ್ದರೆ ಒಳ್ಳೆಯದು. ಬುಡದಿಂದ ನೋಡೋಣ.

ಅಮೂರ್ತ ಅಂದರೆ ಏನು?

ಮೂರ್ತ ಅಂದರೆ ರೂಪ ಇರುವುದು. ಮೂರ್ತಿ ಅನ್ನುವ ಮಾತಿಗೂ ಇದಕ್ಕೂ ನಂಟಿದೆ. ಅಮೂರ್ತ ಚಿತ್ರ ಅಂದರೆ ‘ಇದು ಮರ, ಇದು ಮನೆ’ ಅಂತ ಗುರುತು ಹಿಡಿಯಲು ರೂಪ ಕೊಡದ ಚಿತ್ರ. ಅಲ್ಲಿ ಬಣ್ಣ, ಗೆರೆ, ಬೆಳಕು, ಒರಟು, ನುಣುಪು ಇವೇ ವಿಷಯ.

ಇದು ನಮಗೆ ಅಪರಿಚಿತವೇನಲ್ಲ. ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕಚೇರಿ ಕೇಳಿದವರನ್ನು ಕೇಳಿ. ರಾಗದ ಆಲಾಪನೆಯಲ್ಲಿ ಸಾಹಿತ್ಯ ಇರುವುದಿಲ್ಲ. ಯಾವ ದೇವರನ್ನೂ ಹೆಸರಿಟ್ಟು ಕರೆಯುವುದಿಲ್ಲ. ಆದರೂ ತಲೆ ತೂಗುತ್ತದೆ, ಕಣ್ಣು ಮುಚ್ಚುತ್ತದೆ. ‘ಇದರ ಅರ್ಥ ಏನು?’ ಅಂತ ಯಾರೂ ಕೇಳುವುದಿಲ್ಲ. ಅಮೂರ್ತ ಚಿತ್ರ ಕಣ್ಣಿಗೆ ಆಲಾಪನೆ ಇದ್ದ ಹಾಗೆ.

ಮಳೆಗಾಲದಲ್ಲಿ ತಾರಸಿ ಸೋರಿ ಗೋಡೆ ಮೇಲೆ ಕಲೆ ಬಿದ್ದಾಗ ನಾವು ಮಲಗಿಕೊಂಡು ಅದನ್ನೇ ನೋಡುತ್ತಿದ್ದೆವು. ಒಂದು ದಿನ ಆನೆ, ಇನ್ನೊಂದು ದಿನ ಮೋಡ, ಮತ್ತೊಂದು ದಿನ ಏನೂ ಅಲ್ಲ, ಬರೀ ಹಳದಿ ಅಂಚು. ಗೋಡೆಯ ಮೇಲಿನ ಆ ಗುರುತಿಗೂ ಚಿತ್ರ ಬರೆಯುವ ವಿದ್ಯೆಗೂ ಕನ್ನಡದಲ್ಲಿ ‘ಕಲೆ’ ಅನ್ನುವ ಒಂದೇ ಮಾತು ಇದೆ. ನನಗೆ ಇದು ಬಹಳ ಇಷ್ಟದ ಸಂಗತಿ.

ಅಮೂರ್ತಕ್ಕೆ ಎರಡು ದಾರಿ ಇವೆ. ಒಂದು, ಕಣ್ಣೆದುರಿನ ವಸ್ತುವಿನಿಂದ ಹೊರಟು ಅದರ ಗುರುತುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುವುದು. ಇನ್ನೊಂದು, ವಸ್ತುವೇ ಇಲ್ಲದೆ ಬರೀ ಬಣ್ಣ, ಆಕಾರದಿಂದ ಶುರು ಮಾಡುವುದು. ಚಿತ್ರಕಾರರಿಗೆ ಎರಡೂ ಸಾಧ್ಯ. ಕ್ಯಾಮೆರಾ ಹಿಡಿದವರಿಗೆ ಸಾಮಾನ್ಯವಾಗಿ ಮೊದಲನೆಯದೇ ದಾರಿ, ಯಾಕೆಂದರೆ ಕ್ಯಾಮೆರಾದ ಮುಂದೆ ಏನಾದರೂ ಇರಲೇಬೇಕು.

ಬೆಳಕಿನ ಗುರುತು, ಕೈಯ ಗುರುತು

ಹಳೆ ಕ್ಯಾಲೆಂಡರ್ ತೆಗೆದಾಗ ಗೋಡೆಯಲ್ಲಿ ಒಂದು ಚೌಕ ಉಳಿಯುತ್ತದೆ, ನೋಡಿದ್ದೀರಾ? ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಕ್ಯಾಲೆಂಡರಿನ ಹಿಂದೆ ಮಾತ್ರ ಹೊಸದಾಗೇ ಇರುತ್ತದೆ. ಅದನ್ನು ಯಾರೂ ಬರೆದಿಲ್ಲ. ಬೆಳಕು ಬಿದ್ದ ಕಡೆ ಒಂದು ಥರ, ಬೀಳದ ಕಡೆ ಇನ್ನೊಂದು ಥರ ಆಯಿತು, ಅಷ್ಟೇ. ಫೋಟೊ ಅಂದರೆ ಮೂಲದಲ್ಲಿ ಇದೇ. ಬೆಳಕು ತಾನೇ ಬಿಟ್ಟುಹೋದ ಗುರುತು. ಅದಕ್ಕೇ ಫೋಟೊ ನೋಡಿದ ಕೂಡಲೇ ‘ಇದು ಎಲ್ಲೋ ಇತ್ತು’ ಅಂತ ಮನಸ್ಸು ನಂಬಿಬಿಡುತ್ತದೆ.

ಬಣ್ಣದ ಕತೆ ಬೇರೆ. ಕಾವಲಿ ಮೇಲೆ ಹಿಟ್ಟು ಹುಯ್ದು ಸೌಟಿನಿಂದ ಸುತ್ತುತ್ತೀರಲ್ಲ, ದೋಸೆ ಬೆಂದ ಮೇಲೂ ಆ ಸುರುಳಿ ಕಾಣುತ್ತದೆ. ಕೈ ಎಲ್ಲಿ ಶುರುವಾಯಿತು, ಎಲ್ಲಿ ಒತ್ತಿತು, ಎಲ್ಲಿ ಹಗುರಾಯಿತು ಎಲ್ಲ ಅದರಲ್ಲಿ ಬರೆದಿರುತ್ತದೆ. ಬ್ರಷ್ಷಿನ ಗುರುತೂ ಹಾಗೇ. ಅದಕ್ಕೆ ದಪ್ಪ ಇದೆ, ವೇಗ ಇದೆ, ದಿಕ್ಕು ಇದೆ. ಫೋಟೊದ ಮೈ ಮಾತ್ರ ಸಪಾಟು.

ಈಗ ಎರಡನ್ನೂ ಒಂದೇ ಹಾಳೆಗೆ ತನ್ನಿ. ಮಳೆ ಬರುವಾಗ ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೀರಿ ಅಂದುಕೊಳ್ಳಿ. ಹೊರಗಿನ ರಸ್ತೆ ನೋಡಿದರೆ ಗಾಜಿನ ಮೇಲಿನ ಹನಿ ಮಸುಕಾಗುತ್ತದೆ. ಹನಿ ನೋಡಿದರೆ ರಸ್ತೆ ಕರಗುತ್ತದೆ. ಕಣ್ಣಿಗೆ ಎರಡನ್ನೂ ಒಟ್ಟಿಗೆ ಹಿಡಿಯಲು ಬರುವುದಿಲ್ಲ. ಆಚೆ ಈಚೆ ಓಡಾಡುತ್ತದೆ. ಬಣ್ಣ ಬಳಿದ ಫೋಟೊದ ಮುಂದೆ ಆಗುವುದೂ ಇದೇ. ಫೋಟೊ ಭಾಗ ‘ಒಳಗೆ ಬಾ’ ಅನ್ನುತ್ತದೆ, ಬಣ್ಣದ ಭಾಗ ‘ಇಲ್ಲೇ ನಿಲ್ಲು’ ಅನ್ನುತ್ತದೆ. ಚಿಕ್ಕಮ್ಮನ ಕಾಲು ನಿಂತದ್ದು ಆ ಎಳೆದಾಟಕ್ಕೆ. ಮುಂದೆ ಹೇಳುವ ಎಲ್ಲ ವಿಧಾನಗಳೂ ಈ ಎಳೆದಾಟವನ್ನು ಹುಟ್ಟಿಸುವ ಬೇರೆ ಬೇರೆ ಉಪಾಯಗಳು.

ಇದು ನಿನ್ನೆ ಮೊನ್ನೆಯದಲ್ಲ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೇರ್ ಕಂಡುಹಿಡಿದ ಫೋಟೊ ವಿಧಾನ ಜಗತ್ತಿಗೆ ಗೊತ್ತಾಯಿತು. ಆ ಚಿತ್ರಗಳಲ್ಲಿ ಬಣ್ಣ ಇರಲಿಲ್ಲ. ಸ್ವಲ್ಪ ಸಮಯದಲ್ಲೇ ಕೆನ್ನೆಗೆ ಗುಲಾಬಿ, ಒಡವೆಗೆ ಚಿನ್ನದ ಬಣ್ಣ ಹಚ್ಚುವ ಕೆಲಸ ಶುರುವಾಯಿತು. ನಮ್ಮ ದೇಶದಲ್ಲಿ ಅದು ಇನ್ನೂ ಮುಂದೆ ಹೋಯಿತು. ಅರಮನೆಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದರು ರಾಜರ ಫೋಟೊಗಳ ಮೇಲೆ ಎಷ್ಟು ದಟ್ಟವಾಗಿ ಬಣ್ಣ ಹಾಕಿದರೆಂದರೆ, ಕೆಲವದರಲ್ಲಿ ಕೆಳಗೆ ಫೋಟೊ ಇದೆ ಅಂತ ಗೊತ್ತೇ ಆಗುವುದಿಲ್ಲ. ನಿಮ್ಮ ಮನೆಯ ಹಳೆ ಟ್ರಂಕಿನಲ್ಲಿ ಅಜ್ಜಿಯ ಮದುವೆ ಫೋಟೊ ಇದ್ದರೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸೀರೆಯ ಅಂಚು, ಕುಂಕುಮ ಕೈಯಲ್ಲಿ ಹಚ್ಚಿದ್ದಾಗಿರಬಹುದು.

ಅಲ್ಲಿ ಬಣ್ಣ ಹಚ್ಚಿದ್ದು ಫೋಟೊ ಇನ್ನಷ್ಟು ನಿಜದಂತೆ ಕಾಣಲಿ ಅಂತ. ಅಮೂರ್ತ ಕಲೆ ಬಂದ ಮೇಲೆ ಉದ್ದೇಶ ತಿರುಗಿತು. ಯುರೋಪಿನ ಚಿತ್ರಕಾರರಲ್ಲಿ ಹಿಲ್ಮಾ ಅಫ್ ಕ್ಲಿಂಟ್ 1906ರಿಂದ, ಕ್ಯಾಂಡಿನ್‌ಸ್ಕಿ 1910ರ ಆಸುಪಾಸಿನಿಂದ ರೂಪವನ್ನು ಬಿಟ್ಟು ಬಣ್ಣದ ಕಡೆ ಹೊರಟರು. 1917ರ ಹೊತ್ತಿಗೆ ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ಅನ್ನುವ ಫೋಟೊಗ್ರಾಫರ್ ಮೂರು ಕನ್ನಡಿ ಜೋಡಿಸಿ ಅದರ ಮೂಲಕ ಫೋಟೊ ತೆಗೆದರು. ಜಾತ್ರೆಯಲ್ಲಿ ಮಾರುವ ಬಳೆಚೂರಿನ ಕೊಳವೆ ನೆನಪಿಸಿಕೊಳ್ಳಿ, ಅದೇ ತತ್ವ. 1940ರ ದಶಕದಿಂದ ಅಮೆರಿಕದ ಆರನ್ ಸಿಸ್ಕಿಂಡ್ ಸಿಪ್ಪೆ ಎದ್ದ ಗೋಡೆ, ಹರಿದ ಪೋಸ್ಟರ್‌ಗಳನ್ನು ತೀರ ಹತ್ತಿರದಿಂದ ತೆಗೆದರು. ಅವು ಫೋಟೊಗಳೇ, ಆದರೆ ನೋಡಲು ಅಮೂರ್ತ ಪೇಂಟಿಂಗಿನಂತೆ ಇವೆ.

ಫೋಟೊ ಮೇಲೆ ನೇರವಾಗಿ ಬಣ್ಣ ಹಾಕಿದವರಲ್ಲಿ ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಹೆಸರು ಮೊದಲು ಬರುತ್ತದೆ. ಅವರು ದೊಡ್ಡ ಪೇಂಟಿಂಗುಗಳನ್ನು ಮಾಡುವಾಗ ಉದ್ದನೆಯ ಪಟ್ಟಿಯಿಂದ ಬಣ್ಣ ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಪಟ್ಟಿಯ ಮೇಲೆ ಬಣ್ಣ ಉಳಿದಿರುತ್ತಿತ್ತು. 1980ರ ದಶಕದಿಂದ ಅವರು ಆ ಉಳಿದ ಬಣ್ಣಕ್ಕೆ ತಮ್ಮ ಮನೆಯವರ, ಪ್ರವಾಸದ ಸಾಮಾನ್ಯ ಅಳತೆಯ ಫೋಟೊಗಳನ್ನು ಒತ್ತಿ ಎಳೆಯತೊಡಗಿದರು. ಒಂದು ಕಡೆ ಮಗುವಿನ ಮುಖ, ಅದರ ಪಕ್ಕಕ್ಕೇ ಬಣ್ಣದ ಮುದ್ದೆ. ಎಳೆಯುವುದು ಕ್ಷಣದ ಕೆಲಸ. ಎಲ್ಲಿ ಏನು ಮುಚ್ಚುತ್ತದೆ ಅನ್ನುವುದು ಪೂರ್ತಿ ಕೈಯಲ್ಲಿ ಇರುವುದಿಲ್ಲ.

ನಮ್ಮವರಲ್ಲಿ ನಸ್ರೀನ್ ಮೊಹಮ್ಮದಿ (1937–1990) ಅವರನ್ನು ಬಿಡಲಾಗದು. ಬರೋಡಾದಲ್ಲಿ ಪಾಠ ಮಾಡುತ್ತಿದ್ದ ಅವರ ಸಣ್ಣ ಗೆರೆಗಳ ಚಿತ್ರಗಳು ಹೆಸರಾಗಿವೆ. ಅವರು ಫೋಟೊ ಕೂಡ ತೆಗೆಯುತ್ತಿದ್ದರು. ಅವುಗಳನ್ನು ಬದುಕಿರುವಾಗ ಪ್ರದರ್ಶನಕ್ಕೆ ಇಡಲಿಲ್ಲ. ಫೋಟೊದ ಮೇಲೆ ಬಣ್ಣ ಬಳಿದವರಲ್ಲ ಅವರು. ಆದರೆ ನೆಲದ ಮೇಲಿನ ಗೆರೆ, ನೆರಳಿನ ಗೆರೆಗಳನ್ನು ಹಿಡಿದ ಆ ಫೋಟೊಗಳನ್ನೂ ಅವರ ಗೆರೆಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಕಣ್ಣು ಎರಡು ಕಡೆ ಕೆಲಸ ಮಾಡಿದ್ದು ಕಾಣುತ್ತದೆ.

ಅರ್ಧ ಕೆಲಸ ಕ್ಯಾಮೆರಾದಲ್ಲೇ

ಬಣ್ಣಕ್ಕೆ ಕೈ ಹಾಕುವ ಮೊದಲು ಫೋಟೊವೇ ಅರ್ಧ ಅಮೂರ್ತ ಆಗಿದ್ದರೆ ಒಳ್ಳೆಯದು. ಸುಲಭದ ಉಪಾಯ ಅಂದರೆ ಹತ್ತಿರ ಹೋಗುವುದು. ಲಾಲ್‌ಬಾಗಿನ ಬಂಡೆ ಗೊತ್ತಲ್ಲ, ಮೇಲೆ ಕೆಂಪೇಗೌಡರ ಗೋಪುರ ಇರುವುದು. ಅದು ಸುಮಾರು 300 ಕೋಟಿ ವರ್ಷ ಹಳೆಯದು. ದೂರದಿಂದ ಬರೀ ಬಂಡೆ. ಮಂಡಿಯೂರಿ ಫೋನನ್ನು ಒಂದಡಿ ಹತ್ತಿರ ಹಿಡಿದರೆ ಬೂದು, ಬಿಳಿ ಪಟ್ಟಿಗಳು ಹೊರಳಿಕೊಂಡು ಹರಿಯುವುದು ಕಾಣುತ್ತದೆ. ಭೂಮಿಯ ಆಳದ ಶಾಖ, ಒತ್ತಡಕ್ಕೆ ಕಲ್ಲಿನೊಳಗಿನ ಖನಿಜಗಳು ಪಟ್ಟಿ ಪಟ್ಟಿಯಾದ ಗುರುತು ಅದು. ಚೌಕಟ್ಟಿನಲ್ಲಿ ಆಕಾಶ, ಹುಲ್ಲು, ಕಾಲು ಯಾವುದೂ ಬರದ ಹಾಗೆ ನೋಡಿಕೊಂಡರೆ ಅಳತೆಯ ಅಂದಾಜೇ ಸಿಗುವುದಿಲ್ಲ. ಅದು ಒಂದಡಿಯೋ, ವಿಮಾನದಿಂದ ಕಂಡ ನದಿಯೋ ಹೇಳಲು ಆಗುವುದಿಲ್ಲ.

ಇನ್ನೊಂದು ಉಪಾಯ, ಬೇಕೆಂದೇ ಕ್ಯಾಮೆರಾ ಅಲ್ಲಾಡಿಸುವುದು. ಕ್ಯಾಮೆರಾದ ಒಳಗೆ ಶಟರ್ ಅನ್ನುವ ಬಾಗಿಲಿದೆ. ಸಾಮಾನ್ಯ ಫೋಟೊದಲ್ಲಿ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತದೆ. ಅರ್ಧ ಸೆಕೆಂಡು ತೆರೆದಿಟ್ಟು ಅಷ್ಟರಲ್ಲಿ ಕೈಯನ್ನು ಮೇಲಿನಿಂದ ಕೆಳಗೆ ಎಳೆದರೆ, ಬೆಳಕು ಬ್ರಷ್ಷಿನಂತೆ ಗೀಟು ಬರೆಯುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ ಹೊತ್ತನ್ನು ಅರ್ಧ ಸೆಕೆಂಡಿಗೂ ಐಎಸ್‌ಒ ಸಂಖ್ಯೆಯನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆಯನ್ನು, ತೀರ ಕಡಿಮೆಗೂ ಇಡಿ. ನಡು ಮಧ್ಯಾಹ್ನ ಬೆಳಕು ಜಾಸ್ತಿ, ಫೋಟೊ ಬಿಳಿಚಿಕೊಳ್ಳುತ್ತದೆ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗಳ ಮುಂದೆ ಮಾಡಿ ನೋಡಿ. ಚೆಂಡುಹೂವು, ಸೇವಂತಿಗೆ, ಕೆಂಪು ಗುಲಾಬಿ ಎಲ್ಲ ಉದ್ದುದ್ದ ಪಟ್ಟೆಗಳಾಗಿ ಇಳಿಯುತ್ತವೆ. ಹೂವು ಮಾಯ, ಬಣ್ಣ ಮಾತ್ರ ಉಳಿದಿರುತ್ತದೆ.

ಪ್ರಿಂಟಿನ ಮೇಲೆ ಬಣ್ಣ: ಯಾಕೆ ಕೆಡುತ್ತದೆ, ಯಾಕೆ ನಿಲ್ಲುತ್ತದೆ

ಜಾಸ್ತಿ ಜನ ಸೋಲುವುದು ಇಲ್ಲಿ. ನಾನೂ ಮೊದಲ ಸಲ ಸೋತದ್ದು ಇಲ್ಲೇ. ಬಂಡೆಯ ಫೋಟೊವನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದು, ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣ ಹಚ್ಚಿದೆ. ಕಪ್ಪು ಭಾಗ ನೇರಳೆಗೆ ತಿರುಗಿ ಹರಿಯಿತು. ಹಾಳೆ ಹಪ್ಪಳದ ಹಾಗೆ ಮುದುಡಿತು. ಒಂದು ಭಾನುವಾರದ ಕೆಲಸ ಹೋಯಿತು. ಬೇಜಾರಾಗಿ ಎರಡು ವಾರ ಬ್ರಷ್ ಮುಟ್ಟಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಇಂಕಿನಲ್ಲಿ ಎರಡು ಜಾತಿ. ಒಂದು ಡೈ, ಇನ್ನೊಂದು ಪಿಗ್ಮೆಂಟ್. ಒಂದು ಲೋಟ ನೀರಿಗೆ ಸಕ್ಕರೆ ಹಾಕಿ, ಇನ್ನೊಂದಕ್ಕೆ ರಾಗಿ ಹಿಟ್ಟು ಹಾಕಿ. ಸಕ್ಕರೆ ಕರಗಿ ನೀರೇ ಆಗುತ್ತದೆ. ರಾಗಿ ಹಿಟ್ಟು ಕದಡುತ್ತದೆ, ಆದರೆ ಕರಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ. ಡೈ ಸಕ್ಕರೆಯ ಹಾಗೆ. ಒಣಗಿದ ಮೇಲೂ ನೀರು ತಾಗಿದರೆ ಹರಿಯಬಹುದು. ಪಿಗ್ಮೆಂಟ್ ರಾಗಿ ಹಿಟ್ಟಿನ ಹಾಗೆ ಸಣ್ಣ ಕಣ. ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ, ಬಿಸಿಲಿಗೂ ಜಾಸ್ತಿ ಕಾಲ ತಾಳುತ್ತದೆ. ಆದ್ದರಿಂದ ಪ್ರಿಂಟ್ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಮಾತು: ಇಂಕು ಪಿಗ್ಮೆಂಟಾ?

ಎರಡನೆಯ ಮಾತು ಕಾಗದದ್ದು. ಸ್ಟುಡಿಯೋದಲ್ಲಿ ಕೊಡುವ ಹೊಳಪಿನ ಫೋಟೊದ ಮೈಗೆ ಪ್ಲಾಸ್ಟಿಕ್ ಲೇಪನ ಇರುತ್ತದೆ. ಅದರ ಮೇಲೆ ಬಣ್ಣ ಕೂರುವುದಿಲ್ಲ. ನಾನ್‌ಸ್ಟಿಕ್ ಕಾವಲಿ ಮೇಲಿನ ದೋಸೆಯಂತೆ ಉಗುರಿಗೇ ಎದ್ದು ಬರುತ್ತದೆ. ಹೊಳಪಿಲ್ಲದ, ಹತ್ತಿಯ ನಾರಿನ ದಪ್ಪ ಕಾಗದ ಇದಕ್ಕೆ ಒಳ್ಳೆಯದು. 300 ಜಿಎಸ್ಎಂ ಅಂತ ಕೇಳಿ. ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುತ್ತದೆ ಅಂತ ಅದರ ಅರ್ಥ. ಪತ್ರ ಬರೆಯುವ ಹಾಳೆ ಸುಮಾರು 80 ಇರುತ್ತದೆ.

ಮೂರನೆಯದು, ನಡುವಿನ ಪದರ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಪೇಂಟರ್ ನೇರವಾಗಿ ಬಣ್ಣ ಹೊಡೆಯುವುದಿಲ್ಲ ಅಲ್ವಾ? ಪುಟ್ಟಿ, ಪ್ರೈಮರ್ ಆದ ಮೇಲೇ ಬಣ್ಣ. ಇಲ್ಲೂ ಹಾಗೇ. ಪ್ರಿಂಟಿನ ಮೇಲೆ ಮ್ಯಾಟ್ ಮೀಡಿಯಂ ಅನ್ನುವ ಬಣ್ಣವಿಲ್ಲದ ಅಕ್ರಿಲಿಕ್ ದ್ರವವನ್ನು ತೆಳ್ಳಗೆ ಎರಡು ಸಲ ಹಚ್ಚಬೇಕು. ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹಚ್ಚುವಾಗ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ, ಹೆದರಬೇಡಿ, ಒಣಗಿದರೆ ಪಾರದರ್ಶಕ. ಇದು ಫೋಟೊವನ್ನು ಒಳಗೆ ಭದ್ರ ಮಾಡುತ್ತದೆ, ಮೇಲೆ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಅದರ ಮೊದಲು ಪ್ರಿಂಟನ್ನು ಗಟ್ಟಿ ಬೋರ್ಡಿಗೆ ಅಂಟಿಸಿಕೊಂಡರೆ ಮುದುಡುವ ಚಿಂತೆ ಇರುವುದಿಲ್ಲ.

ಇಷ್ಟು ಆದ ಮೇಲೆ ಅಕ್ರಿಲಿಕ್ ಬಣ್ಣ ಸಲೀಸು. ಅದರಲ್ಲಿ ಪ್ಲಾಸ್ಟಿಕ್‌ನಂಥ ಅಂಟು ನೀರಿನಲ್ಲಿ ಹರಡಿಕೊಂಡಿರುತ್ತದೆ. ನೀರು ಆರಿದ ಕೂಡಲೇ ಗಟ್ಟಿ ಪೊರೆ ಆಗುತ್ತದೆ, ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ಎಣ್ಣೆ ಬಣ್ಣ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ದಿನಗಳು, ದಪ್ಪ ಇದ್ದರೆ ವಾರಗಳೇ ಬೇಕು. ಬರಿ ಕಾಗದಕ್ಕೆ ಎಣ್ಣೆ ತಾಗಿದರೆ ಕಾಗದ ಕಾಲಕ್ರಮೇಣ ಪುಡಿಯಾಗುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಾಕಬಹುದು, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಾಕಬಾರದು. ಅಂಟದೆ ಸುಲಿದು ಬರುತ್ತದೆ.

ಯಾವ ಬಣ್ಣ? ಮೊದಮೊದಲು ಫೋಟೊದ ಒಳಗಿಂದಲೇ ಒಂದು ಬಣ್ಣ ಆರಿಸಿಕೊಳ್ಳಿ. ಬಂಡೆಯ ಬೂದು ಬಣ್ಣವನ್ನೇ ಕಲಸಿ ತಂದು ಅಂಚಿಗೆ ಹಚ್ಚಿದರೆ, ಫೋಟೊ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಅನ್ನುವುದು ಕಣ್ಣಿಗೆ ತಪ್ಪುತ್ತದೆ. ಆಮೇಲೆ ಅದಕ್ಕೆ ಎದುರಾದ ಒಂದು ಬಣ್ಣ ತನ್ನಿ. ಚಿತ್ರಸಂತೆಯ ಆ ಚಿತ್ರದಲ್ಲಿ ತುಕ್ಕಿನ ಕಿತ್ತಳೆಗೆ ನೀಲಿ ಬಂದದ್ದು ಹೀಗೆ. ಬಣ್ಣದ ಚಕ್ರದಲ್ಲಿ ಕಿತ್ತಳೆಗೆ ನೀಲಿ ಎದುರು ಬದುರು. ಪಕ್ಕಪಕ್ಕ ಕೂತರೆ ಒಂದನ್ನೊಂದು ಎತ್ತಿ ತೋರಿಸುತ್ತವೆ.

ಜೆರಾಕ್ಸ್ ಅಂಗಡಿಯಿಂದ ಕ್ಯಾನ್ವಾಸಿಗೆ

ನನಗೆ ತುಂಬ ಹಿಡಿಸಿದ ವಿಧಾನ ಇದು. ಖರ್ಚೂ ಕಡಿಮೆ. ಫೋಟೊದ ಕಾಗದವನ್ನು ಬಿಟ್ಟು ಬರೀ ಚಿತ್ರವನ್ನು ಮಾತ್ರ ಕ್ಯಾನ್ವಾಸಿಗೆ ಇಳಿಸುವುದು.

ಇದಕ್ಕೆ ಜೆರಾಕ್ಸ್ ಅಥವಾ ಲೇಸರ್ ಪ್ರಿಂಟೇ ಬೇಕು. ಯಾಕೆಂದರೆ ಅದರಲ್ಲಿ ಇಂಕು ಇರುವುದಿಲ್ಲ, ಟೋನರ್ ಅನ್ನುವ ನುಣ್ಣನೆಯ ಪ್ಲಾಸ್ಟಿಕ್ ಪುಡಿ ಇರುತ್ತದೆ. ಯಂತ್ರ ಅದನ್ನು ಬಿಸಿಯಲ್ಲಿ ಕರಗಿಸಿ ಕಾಗದದ ಮೇಲೆ ಅಂಟಿಸುತ್ತದೆ. ಅಂಗಡಿಯಿಂದ ಹಾಳೆ ಬಿಸಿಬಿಸಿ ಬರುವುದು ಅದಕ್ಕೇ. ಪ್ಲಾಸ್ಟಿಕ್ ನೀರಿಗೆ ಕರಗುವುದಿಲ್ಲ, ಕಾಗದ ನೀರಿಗೆ ಮೆತ್ತಗಾಗುತ್ತದೆ. ಉಪಾಯವೆಲ್ಲ ಈ ವ್ಯತ್ಯಾಸದಲ್ಲೇ ಇದೆ.

ಕ್ಯಾನ್ವಾಸಿಗೆ ಅಕ್ರಿಲಿಕ್ ಜೆಲ್ ಮೀಡಿಯಂ ಅನ್ನುವ ಗಟ್ಟಿ ಅಂಟನ್ನು ದಪ್ಪಗೆ, ಬೆಣ್ಣೆ ಸವರಿದ ಹಾಗೆ ಸವರಿ. ಪ್ರಿಂಟನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಳೆ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿಗುಳ್ಳೆ ತೆಗೆಯಿರಿ. ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಒಂದು ಹಗಲು ಜಾಸ್ತಿ ಬಿಟ್ಟರೆ ಕ್ಷೇಮ. ಆಮೇಲೆ ಕಾಗದದ ಬೆನ್ನಿಗೆ ಒದ್ದೆ ಬಟ್ಟೆ ಇಡಿ. ಎರಡು ಮೂರು ನಿಮಿಷಕ್ಕೆ ಕಾಗದ ನೆನೆದು, ಕೆಳಗಿನ ಚಿತ್ರ ಮಸುಕಾಗಿ ಕಾಣಲು ಶುರುವಾಗುತ್ತದೆ. ಈಗ ಬೆರಳ ತುದಿಯಿಂದ ಹಗುರಾಗಿ ಉಜ್ಜಿ. ಕಾಗದ ಸಣ್ಣ ಸಣ್ಣ ಶ್ಯಾವಿಗೆಯಂತೆ ಸುರುಳಿಯಾಗಿ ಎದ್ದು ಬರುತ್ತದೆ. ಒಣಗಿದಾಗ ಬಿಳಿ ಪೊರೆ ಕಂಡರೆ ಮತ್ತೆ ಒದ್ದೆ ಮಾಡಿ ಉಜ್ಜಿ. ಉಗುರು ತಾಗಿಸಬೇಡಿ. ಟೋನರ್ ಕಿತ್ತುಬರುತ್ತದೆ.

ಚಿತ್ರ ಎಡ ಬಲ ತಿರುಗಿ ಮೂಡುತ್ತದೆ, ಇದು ನೆನಪಿರಲಿ. ಅಕ್ಷರ ಇದ್ದರೆ ಅಂಗಡಿಯಲ್ಲೇ ಕನ್ನಡಿ ಬಿಂಬದಂತೆ ತಿರುಗಿಸಿ ಪ್ರಿಂಟ್ ತೆಗೆಸಬೇಕು. ಅಲ್ಲಲ್ಲಿ ಚಿತ್ರ ಕಿತ್ತುಹೋಗುವುದೂ ಉಂಟು. ಅದನ್ನು ತಪ್ಪು ಅಂತ ತಿದ್ದಬೇಡಿ. ಹಳೆ ಗೋಡೆಯ ಮೇಲೆ ಹರಿದ ಪೋಸ್ಟರಿನ ಹಾಗೆ ಕಾಣುವ ಆ ಜಾಗಗಳೇ ಬಣ್ಣ ಒಳಗೆ ಬರುವ ಬಾಗಿಲು. ಜೆಲ್ ಸಿಗದಿದ್ದರೆ ಕೆಲವರು ಫೆವಿಕಾಲ್ ಬಳಸುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಒಣಗಿದ ಮೇಲೂ ನೀರು ತಾಗಿದರೆ ಅದು ಮೆತ್ತಗಾಗುತ್ತದೆ, ಉಜ್ಜುವಾಗ ಕೈ ಇನ್ನೂ ಹಗುರ ಇರಬೇಕು.

ಬ್ರಷ್ಷಿನಲ್ಲಿ ಹಚ್ಚಿದ ಫೋಟೊ

ಫೋಟೊ ಮತ್ತು ಪೇಂಟಿಂಗ್ ಬೇರೆ ಮಾಡಲಾಗದಷ್ಟು ಕೂಡಿಕೊಳ್ಳುವ ಒಂದು ವಿಧಾನ ಸಯನೋಟೈಪ್. 1842ರಲ್ಲಿ ಜಾನ್ ಹರ್ಷಲ್ ಅನ್ನುವ ವಿಜ್ಞಾನಿ ಕಂಡುಹಿಡಿದದ್ದು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಶಿಯಂ ಫೆರಿಸೈನೈಡ್ ಎಂಬ ಎರಡು ರಾಸಾಯನಿಕಗಳ ದ್ರವವನ್ನು ಮಂದ ಬೆಳಕಿನಲ್ಲಿ ಕಾಗದಕ್ಕೆ ಬ್ರಷ್ಷಿನಿಂದ ಹಚ್ಚುತ್ತಾರೆ. ಒಣಗಿದ ಮೇಲೆ ಎಲೆಯನ್ನೋ, ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಮಾಡಿದ ನೆಗೆಟಿವನ್ನೋ ಮೇಲಿಟ್ಟು ಬಿಸಿಲಿಗೆ ಒಡ್ಡುತ್ತಾರೆ. ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಕಡೆ ಗಾಢ ನೀಲಿ, ಬೀಳದ ಕಡೆ ಬಿಳಿ. ಹಿಂದೆ ಎಂಜಿನಿಯರುಗಳ ನೀಲಿ ನಕ್ಷೆ ತಯಾರಾಗುತ್ತಿದ್ದದ್ದೂ ಹೀಗೆ.

ಇಲ್ಲಿ ಬ್ರಷ್ ಎಲ್ಲಿ ಓಡಿತೋ ಅಲ್ಲಿ ಮಾತ್ರ ಫೋಟೊ ಹುಟ್ಟುತ್ತದೆ. ಬ್ರಷ್ಷಿನ ಒರಟು ಅಂಚೇ ಚಿತ್ರದ ಅಂಚು. ಮಾಡುವವರು ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳಿಂದ ದೂರ ಇಡಿ.

ಕಂಪ್ಯೂಟರಿನಲ್ಲಿ ಪದರಗಳು

ಕೈ ಕೊಳೆ ಮಾಡಿಕೊಳ್ಳದೆಯೂ ಮಾಡಬಹುದು. ಗಿಂಪ್, ಕ್ರಿಟಾ ಅನ್ನುವ ಚಿತ್ರ ತಿದ್ದುವ, ಬರೆಯುವ ತಂತ್ರಾಂಶಗಳು ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಇವುಗಳ ಜೀವಾಳ ಲೇಯರ್, ಅಂದರೆ ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ.

ಪದರಗಳನ್ನು ಬೆರೆಸುವ ಬಗೆಗಳಲ್ಲಿ ಎರಡು ತಿಳಿದರೆ ಸದ್ಯಕ್ಕೆ ಸಾಕು. ಮಲ್ಟಿಪ್ಲೈ ಅಂದರೆ ಗುಣಾಕಾರ. ಕಂಪ್ಯೂಟರಿಗೆ ಬಿಳಿ ಅಂದರೆ 1, ಕಪ್ಪು ಅಂದರೆ 0. ಯಾವುದನ್ನು 1ರಿಂದ ಗುಣಿಸಿದರೂ ಅದೇ ಉಳಿಯುತ್ತದೆ, ಹಾಗಾಗಿ ಬಿಳಿ ಮಾಯವಾಗುತ್ತದೆ. 0ಯಿಂದ ಗುಣಿಸಿದರೆ ಸೊನ್ನೆ, ಹಾಗಾಗಿ ಕಪ್ಪು ಕಪ್ಪಾಗೇ ಇರುತ್ತದೆ. ಸ್ಕ್ರೀನ್ ಅನ್ನುವುದು ಇದಕ್ಕೆ ಉಲ್ಟಾ. ಒಂದೇ ಗೋಡೆಗೆ ಎರಡು ಪ್ರೊಜೆಕ್ಟರ್ ಬಿಟ್ಟ ಹಾಗೆ, ಕಪ್ಪು ಮಾಯವಾಗಿ ಬೆಳಕು ಕೂಡಿಕೊಳ್ಳುತ್ತದೆ.

ಈಗ ಬಿಳಿ ಹಾಳೆಯ ಮೇಲೆ ನಿಜವಾದ ಬ್ರಷ್ಷಿನಿಂದ ನಾಲ್ಕು ಗೀಟು ಎಳೆದು, ಅದರ ಫೋಟೊ ತೆಗೆದು, ಬಂಡೆಯ ಫೋಟೊ ಮೇಲಿಟ್ಟು ಮಲ್ಟಿಪ್ಲೈ ಮಾಡಿ. ಹಾಳೆಯ ಬಿಳಿ ಹೋಗಿ ಗೀಟು ಮಾತ್ರ ಬಂಡೆಯ ಮೇಲೆ ಕೂರುತ್ತದೆ.

ಪ್ರಿಂಟ್ ಮಾಡಿಸುವಾಗ ಒಂದು ಲೆಕ್ಕ. ಹತ್ತಿರದಿಂದ ನೋಡುವ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಬೇಕು ಅನ್ನುತ್ತಾರೆ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ ಸುಮಾರು 4000 ಗುಣಿಸು 3000 ಚುಕ್ಕಿ. ಅಂದರೆ 13 ಇಂಚು ಅಗಲ, 10 ಇಂಚು ಎತ್ತರದವರೆಗೆ ಚೆನ್ನಾಗಿ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ನೋಡುವಾಗ, ಕೊಳ್ಳುವಾಗ

ಇಂಥ ಚಿತ್ರವನ್ನು ಎದುರಿನಿಂದ ನೋಡಿದ ಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬೆಳಕು ಜಾರುವಾಗ ಬಣ್ಣ ಹಾಕಿದ ಜಾಗ ಉಬ್ಬಿ ಕಾಣುತ್ತದೆ, ಫೋಟೊ ಜಾಗ ಸಪಾಟಾಗಿರುತ್ತದೆ. ಪೂರ್ತಿ ಸಪಾಟಾಗಿದ್ದರೆ ಅದು ಬಣ್ಣ ಬಳಿದ ಚಿತ್ರದ ಪ್ರಿಂಟ್ ಇರಬಹುದು. ಅದೇನೂ ಮೋಸವಲ್ಲ, ಆದರೆ ಬೆಲೆ ಬೇರೆ. ಬರೀ ಪ್ರಿಂಟ್ ಆದರೆ ಮೂಲೆಯಲ್ಲಿ 3/10 ಎಂಬಂಥ ಸಂಖ್ಯೆ ಇರುವುದುಂಟು. ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಅಂತ ಅರ್ಥ. ಕೈಯಲ್ಲಿ ಬಣ್ಣ ಹಾಕಿದ್ದಾದರೆ ಅಂಥದ್ದು ಇನ್ನೊಂದು ಇರಲಾರದು. ಚೀಟಿಯಲ್ಲಿ ‘ಮಿಶ್ರ ಮಾಧ್ಯಮ’ ಅಂತ ಮಾತ್ರ ಇದ್ದರೆ ಯಾವ ಇಂಕು, ಯಾವ ಕಾಗದ, ಯಾವ ಬಣ್ಣ ಅಂತ ಸಂಕೋಚವಿಲ್ಲದೆ ಕೇಳಿ.

ಮನೆಗೆ ತಂದ ಮೇಲೆ ನೇರ ಬಿಸಿಲು ಬೀಳುವ ಗೋಡೆ ಬೇಡ. ಗಾಜು ಹಾಕಿಸುವುದಾದರೆ ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಅಂಚು ಹಾಕಿಸಿ. ತಾಗಿದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ, ಬೂಷ್ಟೂ ಹಿಡಿಯುತ್ತದೆ.

ಮಾಡುವವರಿಗೆ ಒಂದು ಮಾತು. ಅಂತರ್ಜಾಲದಲ್ಲಿ ಸಿಕ್ಕ ಫೋಟೊ ಮೇಲೆ ಬಣ್ಣ ಹಾಕಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ಫೋಟೊದ ಹಕ್ಕು ಅದರ ಕರ್ತೃವಿನ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ನಿಮ್ಮದೇ ಫೋಟೊ ಬಳಸಿ, ಇಲ್ಲವೇ ಅನುಮತಿ ಪಡೆಯಿರಿ.

ನೋಡಲು ಬೆಂಗಳೂರಲ್ಲಿ ಜಾಗಕ್ಕೆ ಬರವಿಲ್ಲ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ) ಸಂಗ್ರಹಾಲಯದ ಹೆಸರಲ್ಲೇ ಕಲೆ ಮತ್ತು ಛಾಯಾಚಿತ್ರ ಎರಡೂ ಇವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ.

ಎಲ್ಲಿ ನಿಲ್ಲಿಸಬೇಕು?

ಉಳಿದದ್ದು ಚಿಕ್ಕಮ್ಮನ ಕೊನೆಯ ಪ್ರಶ್ನೆ. ಮೊಳೆ ಯಾಕೆ ಬಿಟ್ಟರು?

ಎಲ್ಲವನ್ನೂ ಮುಚ್ಚಿದರೆ ಕೆಳಗೆ ಫೋಟೊ ಇದ್ದೂ ಇಲ್ಲದ ಹಾಗೆ. ಏನೂ ಮುಚ್ಚದಿದ್ದರೆ ಅದು ತುಕ್ಕು ಹಿಡಿದ ಯಾವುದೋ ಬಾಗಿಲಿನ ಫೋಟೊ, ಕಣ್ಣು ‘ಓ ಬಾಗಿಲು’ ಅಂದು ಮುಂದೆ ಹೋಗುತ್ತದೆ. ಎಷ್ಟು ಬಿಡಬೇಕು ಅನ್ನುವುದಕ್ಕೆ ಅಳತೆ ಇಲ್ಲ. ಕಲಾವಿದರು ಕೆಲವು ಉಪಾಯ ಮಾಡುತ್ತಾರೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡುತ್ತಾರೆ. ಕೋಣೆಯ ಆಚೆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಂದು ರಾತ್ರಿ ಗೋಡೆ ಕಡೆ ತಿರುಗಿಸಿಟ್ಟು ಬೆಳಿಗ್ಗೆ ಹೊಸ ಕಣ್ಣಿನಿಂದ ನೋಡುತ್ತಾರೆ. ಒಂದು ಚೂರು ನಿಜ ಉಳಿಯಬೇಕು ಅನ್ನುವುದು ನನ್ನ ಅನುಭವ. ಆ ಚೂರು ಇದ್ದರೆ ಉಳಿದ ಬಣ್ಣವೆಲ್ಲ ಎಲ್ಲಿಂದಲೋ ಬಂದದ್ದು ಅನ್ನಿಸುತ್ತದೆ.

ಹೋದ ತಿಂಗಳು ಚಿಕ್ಕಮ್ಮನ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲಿನ ಫೋಟೊ ತೆಗೆದೆ. ವರ್ಷಗಟ್ಟಲೆ ರುಬ್ಬಿ ನುಣುಪಾದ ಗುಳಿ, ಸುತ್ತ ಉಳಿಯ ಏಟಿನ ಚುಕ್ಕಿಗಳು. ಬೀದಿ ತಿರುವಿನ ಅಂಗಡಿಯಲ್ಲಿ ಕಪ್ಪು ಬಿಳುಪು ಜೆರಾಕ್ಸ್ ತೆಗೆಸಿ, ಅವರ ಊಟದ ಮೇಜಿನ ಮೇಲೇ ಕ್ಯಾನ್ವಾಸಿಗೆ ಅಂಟಿಸಿದೆ. ಮಾರನೆಯ ದಿನ ಕಾಗದ ಉಜ್ಜುವ ಕೆಲಸ ಅವರೇ ತೆಗೆದುಕೊಂಡರು. ಒದ್ದೆ ಕಾಗದದ ಕೆಳಗಿಂದ ಚುಕ್ಕಿಗಳು ಒಂದೊಂದಾಗಿ ಎದ್ದಾಗ “ಅಯ್ಯೋ, ಬಂತು ನೋಡೋ” ಅಂದರು. ಒಣಗಿದ ಮೇಲೆ ಇಟ್ಟಿಗೆ ಕೆಂಪು ಕಲಸಿ ನಾನು ಮೇಲಿನಿಂದ ಎಳೆಯುತ್ತಾ ಬಂದೆ. ಬಣ್ಣ ಗುಳಿಯ ಅಂಚಿಗೆ ಬರುವ ಹೊತ್ತಿಗೆ ನನ್ನ ಮಣಿಕಟ್ಟು ಹಿಡಿದರು.

“ಸಾಕು. ಆ ಅಂಚು ಕಾಣ್ಲಿ ಬಿಡು.”